ತನ್ನದೆಂಬ ಅಂಗವಿಲ್ಲದ ವಿಭಾಗ

ದೊಡ್ಡ ಆಸ್ಪತ್ರೆಯೊಂದರ ಹೊರರೋಗಿ ವಿಭಾಗದ ಫಲಕಗಳನ್ನು ಓದುತ್ತಾ ನಡೆದರೆ, ಮನುಷ್ಯನ ದೇಹವನ್ನು ವೈದ್ಯರು ತಮ್ಮ ತಮ್ಮೊಳಗೆ ಹೇಗೆ ಹಂಚಿಕೊಂಡಿದ್ದಾರೆ ಎಂಬುದು ತಿಳಿಯುತ್ತದೆ. ಹೃದಯಕ್ಕೆ ಒಬ್ಬರು, ಮೂತ್ರಪಿಂಡಕ್ಕೆ ಇನ್ನೊಬ್ಬರು. ಕಣ್ಣು, ಮೂಳೆ, ಮೆದುಳು ಎಲ್ಲಕ್ಕೂ ಒಬ್ಬೊಬ್ಬ ವಾರಸುದಾರರಿದ್ದಾರೆ. ಪ್ಲಾಸ್ಟಿಕ್ ಸರ್ಜರಿ ಎಂಬ ಫಲಕದ ಹಿಂದೆ ಮಾತ್ರ ಅಂಥ ಸ್ವಂತದ ಅಂಗವೊಂದಿಲ್ಲ. ನೆತ್ತಿಯ ಚರ್ಮದಿಂದ ಹಿಮ್ಮಡಿಯ ಹುಣ್ಣಿನವರೆಗೆ ಎಲ್ಲಿ ಬೇಕಾದರೂ ಅವರಿಗೆ ಕೆಲಸವಿರುತ್ತದೆ, ಮತ್ತು ಬಹುಪಾಲು ಆ ಕೆಲಸವನ್ನು ಬೇರೆ ವಿಭಾಗದವರೇ ಹುಟ್ಟಿಸಿಕೊಟ್ಟಿರುತ್ತಾರೆ: ಕ್ಯಾನ್ಸರ್ ಶಸ್ತ್ರಚಿಕಿತ್ಸಕರು ದವಡೆಯನ್ನು ತೆಗೆದ ಮೇಲೆ ಉಳಿದ ಬಯಲು, ಮೂಳೆಯವರು ರಾಡು ಹಾಕಿ ಜೋಡಿಸಿದ ಮೇಲೂ ಮುಚ್ಚಲು ಚರ್ಮವೇ ಇಲ್ಲದ ಮೊಣಕಾಲ ಕೆಳಗಿನ ಎಲುಬು, ಬೆನ್ನುಹುರಿಯ ಪೆಟ್ಟಿನಿಂದ ವರ್ಷಗಟ್ಟಲೆ ಮಲಗಿದವರ ಸೊಂಟದ ಹಾಸಿಗೆ ಹುಣ್ಣು.

ನಮ್ಮ ಮನೆಗಳಲ್ಲಿ ಈ ವಿಭಾಗದ ಹೆಸರು ಕೇಳಿದೊಡನೆ ನೆನಪಾಗುವುದು ಸಿನಿಮಾ ನಟಿಯರ ಮೂಗು ಮತ್ತು ತುಟಿ. ಆದರೆ ಹತ್ತಿರದ ಬಂಧುವೊಬ್ಬರ ಜೊತೆಗಾರನಾಗಿ ಅಂಥ ವಿಭಾಗದ ಬೆಂಚಿನಲ್ಲಿ ಹಲವು ವಾರ ಕಳೆದ ನನಗೆ ನಟಿಯರು ಯಾರೂ ಕಾಣಲಿಲ್ಲ. ಕಂಡವರು ಮೇಲುತುಟಿ ಸೀಳಿದ ಎಳೆಗೂಸನ್ನು ಸೆರಗಿನಲ್ಲಿ ಮರೆಮಾಡಿಕೊಂಡ ಬಾಣಂತಿಯರು, ಗದ್ದ ಎದೆಗೆ ಅಂಟಿಕೊಂಡ ಹುಡುಗಿ, ಬೈಕಿನಿಂದ ಬಿದ್ದ ಮೇಲೆ ತೋಳನ್ನು ಎತ್ತಲಾಗದ ಹುಡುಗರು, ಗುಟ್ಕಾ ಜಗಿದು ಬಾಯಿ ತೆರೆಯಲಾಗದವರು. ಇವರಲ್ಲಿ ಬಹಳ ಮಂದಿ ನೇರವಾಗಿ ಅಲ್ಲಿಗೆ ಬಂದವರಲ್ಲ. ಮೂರು ನಾಲ್ಕು ಕಡೆ ಸುತ್ತಾಡಿ, ಯಾರೋ ಹೇಳಿದ ಮೇಲೆ ಬಂದವರು. ತಮ್ಮ ಕಾಯಿಲೆಗೆ ಇಂಥದೊಂದು ವಿಭಾಗವಿದೆ ಎಂದು ಗೊತ್ತಾಗುವಷ್ಟರಲ್ಲಿ ಕಳೆದುಹೋದ ಕಾಲವೇ ಅವರ ಎರಡನೆಯ ಕಾಯಿಲೆಯಾಗಿತ್ತು. ಈ ಬರಹವನ್ನು ಬರೆಯಬೇಕೆನಿಸಿದ್ದು ಆ ಕಾರಣಕ್ಕೆ.

ಇಷ್ಟೆಲ್ಲ ಬಗೆಯ ತೊಂದರೆಗಳನ್ನು ಒಂದೇ ಸೂರಿನಡಿ ತಂದಿರುವ ಸೂತ್ರ ಯಾವುದು ಎಂದು ಕೇಳಿದರೆ, ಅದು ರಕ್ತ ಸಂಚಾರ. ದೇಹದಲ್ಲಿ ಒಂದು ಕಡೆ ಕೊರತೆಯಾದಾಗ ಇನ್ನೊಂದು ಕಡೆಯಿಂದ ಅಂಗಾಂಶವನ್ನು ತಂದು ತುಂಬಬೇಕು. ತಂದದ್ದು ಹೊಸ ಜಾಗದಲ್ಲಿ ಸಾಯದೆ ಉಳಿಯಬೇಕು. ಇದಕ್ಕೆ ಮುಖ್ಯವಾಗಿ ಎರಡು ದಾರಿಗಳಿವೆ. ತೊಡೆಯಿಂದ ಕಾಗದದಷ್ಟು ತೆಳುವಾಗಿ ಚರ್ಮವನ್ನು ಹೆರೆದು ಗಾಯದ ಮೇಲೆ ಹಾಸುವುದು ಒಂದು. ಇದನ್ನು ಗ್ರಾಫ್ಟ್ ಅಥವಾ ಚರ್ಮದ ಕಸಿ ಎನ್ನುತ್ತಾರೆ. ಅದಕ್ಕೆ ತನ್ನದೇ ರಕ್ತನಾಳವಿರುವುದಿಲ್ಲ, ಕೆಳಗಿನ ನೆಲ ಹಸಿಯಾಗಿ ಜೀವಂತವಾಗಿದ್ದರೆ ಮಾತ್ರ ನಾಲ್ಕೈದು ದಿನಗಳಲ್ಲಿ ಬೇರು ಹಿಡಿಯುತ್ತದೆ. ಎರಡನೆಯದು ಫ್ಲ್ಯಾಪ್: ಚರ್ಮ, ಕೊಬ್ಬು, ಬೇಕಾದರೆ ಸ್ನಾಯು ಅಥವಾ ಮೂಳೆಯನ್ನೂ ಅದಕ್ಕೆ ರಕ್ತ ತರುವ ನಾಳದ ಸಮೇತ ಎತ್ತಿ ತರುವುದು. ಭತ್ತದ ಅಗೆಯನ್ನು ಕಿತ್ತು ಕೆಸರಿನಲ್ಲಿ ನೆಡುವುದಕ್ಕೂ ಅಡಿಕೆ ಸಸಿಯನ್ನು ಬುಡದ ಮಣ್ಣಿನ ಹೆಂಟೆಯ ಜೊತೆಗೆ ಎತ್ತಿ ನೆಡುವುದಕ್ಕೂ ಇರುವ ವ್ಯತ್ಯಾಸವೇ ಇವೆರಡಕ್ಕೂ ಇದೆ. ತೆರೆದ ಎಲುಬಿನ ಮೇಲೆ, ಬರಿಯ ಸ್ನಾಯುರಜ್ಜುವಿನ ಮೇಲೆ ಗ್ರಾಫ್ಟ್ ಹಿಡಿಯುವುದಿಲ್ಲ. ಅಲ್ಲಿಗೆ ಫ್ಲ್ಯಾಪೇ ಆಗಬೇಕು.

ಈ ಎರಡನೆಯ ದಾರಿಯನ್ನು ಯುರೋಪಿನವರು ಕಲಿತ ಕತೆಗೆ ನಮ್ಮ ಶ್ರೀರಂಗಪಟ್ಟಣದ ಜೊತೆ ನೇರ ನಂಟಿದೆ. ಮೂರನೆಯ ಮೈಸೂರು ಯುದ್ಧದ ಕೊನೆಯ ಹಂತದಲ್ಲಿ, 1792ರಲ್ಲಿ, ಇಂಗ್ಲಿಷರ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸಜಿ ಎಂಬಾತ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ ಆತನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ವ್ಯಕ್ತಿ ಹೊಸ ಮೂಗನ್ನು ಕಟ್ಟಿಕೊಟ್ಟ. ಮೊದಲು ಮೇಣದ ಹಾಳೆಯನ್ನು ಮೂಗಿನ ಆಕಾರಕ್ಕೆ ಒತ್ತಿ, ಅದನ್ನು ಬಿಡಿಸಿ ಹಣೆಯ ಮೇಲೆ ಚಪ್ಪಟೆಯಾಗಿಟ್ಟು ಗೆರೆ ಎಳೆದು, ಗೆರೆಯುದ್ದಕ್ಕೂ ಚರ್ಮವನ್ನು ಬಿಡಿಸಿ, ಹುಬ್ಬುಗಳ ನಡುವೆ ಒಂದು ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿಕೊಂಡು, ತಿರುವಿ ಕೆಳಗಿಳಿಸಿದ. ಆ ಪಟ್ಟಿಯೊಳಗಿನಿಂದಲೇ ರಕ್ತ ಹರಿಯಬೇಕು. ಸುಮಾರು ಇಪ್ಪತ್ತೈದು ದಿನಗಳ ನಂತರ, ಹೊಸ ಜಾಗದಲ್ಲಿ ರಕ್ತನಾಳಗಳು ಬೆಳೆದ ಮೇಲೆ, ಅದನ್ನು ತುಂಡರಿಸಿದರಾಯಿತು. ಜೋಡಣೆ ಕದಲದಿರಲು ಹಚ್ಚಿದ್ದು ನಾವು ವೀಳ್ಯಕ್ಕೆ ಬಳಸುವ ಕಾಚನ್ನು ನೀರಿನಲ್ಲಿ ನೆನೆಸಿ ಬಟ್ಟೆಗೆ ಸವರಿದ ಪಟ್ಟಿ. ಇದರ ವರದಿ ಚಿತ್ರಸಹಿತವಾಗಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಝೀನ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನವನ್ನು ಅನುಸರಿಸಿ ಯಶಸ್ವಿಯಾದರು. ಚರ್ಮದ ಕ್ಯಾನ್ಸರಿಗೆ ಮೂಗನ್ನು ಕಳೆದುಕೊಂಡವರಿಗೆ ಇಂದಿಗೂ ಮಾಡುವುದು ಹಣೆಯ ಚರ್ಮದ ಇದೇ ಶಸ್ತ್ರಕ್ರಿಯೆಯ ಸುಧಾರಿತ ರೂಪ.

ಇಲ್ಲೊಂದು ಮಾತನ್ನು ಸೇರಿಸಬೇಕು. ವಾಟ್ಸಾಪಿನಲ್ಲಿ ತಿರುಗುವ ಸಂದೇಶಗಳು ಹಣೆಯ ಚರ್ಮದ ವಿಧಾನವನ್ನು ನೇರವಾಗಿ ಸುಶ್ರುತನ ಹೆಸರಿಗೆ ಬರೆಯುತ್ತವೆ. ಸುಶ್ರುತ ಸಂಹಿತೆಯಲ್ಲಿರುವುದು ಎಲೆಯೊಂದನ್ನು ಮೂಗಿನ ಅಳತೆಗೆ ಕತ್ತರಿಸಿ ಕೆನ್ನೆಯಿಂದ ಚರ್ಮವನ್ನು ತೆಗೆಯುವ ವಿಧಾನ. ಹಣೆಗೆ ಬಂದದ್ದು ಅನಂತರದ ಕಾಲದಲ್ಲಿ, ಹೆಸರೇ ಉಳಿಯದ ಮನೆತನದ ಕಸುಬುದಾರರ ಕೈಯಲ್ಲಿ. ಗ್ರಂಥಕ್ಕೆ ಸಲ್ಲುವ ಗೌರವದಲ್ಲಿ ಅರ್ಧವನ್ನಾದರೂ ಅವರಿಗೆ ಕೊಡುವುದು ನ್ಯಾಯವೆಂದು ನನಗೆ ತೋರುತ್ತದೆ. ಅದೇ ಸಂಹಿತೆಯಲ್ಲಿ ಹರಿದ ಕಿವಿಯ ಹಾಲೆಯನ್ನು ಜೋಡಿಸುವ ಹದಿನೈದು ಬಗೆಗಳ ವರ್ಣನೆಯಿದೆ. ಭಾರದ ಓಲೆ ಜುಮುಕಿಗಳಿಂದ ತೂತು ಜಗ್ಗಿ, ಕೊನೆಗೆ ಮೊಮ್ಮಗು ಎಳೆದಾಗ ಹಾಲೆ ಎರಡಾಗಿ ಸೀಳಿಹೋದ ಅಜ್ಜಿಯರು ನಮ್ಮಲ್ಲಿ ಪ್ರತಿ ಊರಿನಲ್ಲೂ ಇದ್ದಾರೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಅರ್ಧ ಮುಕ್ಕಾಲು ಗಂಟೆಯಲ್ಲಿ ಹೊಲಿದು ಮನೆಗೆ ಕಳುಹಿಸುವ ಈ ಚಿಕಿತ್ಸೆ ಇಂದಿಗೂ ಈ ವಿಭಾಗದ ದಿನನಿತ್ಯದ ಕೆಲಸ.

ಹುಟ್ಟಿನಿಂದ ಬಂದ ತೊಂದರೆಗಳಲ್ಲಿ ಸೀಳುತುಟಿ ಮತ್ತು ಸೀಳು ಅಂಗುಳ ಮುಖ್ಯವಾದವು. ಸುಮಾರು ಏಳುನೂರು ಶಿಶುಗಳಲ್ಲಿ ಒಂದಕ್ಕೆ ಇದು ಬರುತ್ತದೆಂಬುದು ಜಗತ್ತಿನ ಒಟ್ಟಾರೆ ಲೆಕ್ಕ. ನಮ್ಮ ಕಡೆ ಇದಕ್ಕೆ ಗ್ರಹಣವನ್ನು ಹೊಣೆ ಮಾಡುತ್ತಾರೆ. ಬಸುರಿ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಈಳಿಗೆಮಣೆಯ ಮುಂದೆ ಕುಳಿತು ತರಕಾರಿ ಹೆಚ್ಚಿದಳು ಎಂಬ ಆರೋಪದ ಕೆಳಗೆ ಹೆತ್ತವಳು ತಲೆ ತಗ್ಗಿಸಿ ಬದುಕಬೇಕಾಗುತ್ತದೆ. ವಾಸ್ತವವೆಂದರೆ ಮಗುವಿನ ತುಟಿಯ ಎರಡು ಬದಿಗಳು ಬಂದು ಕೂಡುವುದು ಗರ್ಭದ ನಾಲ್ಕರಿಂದ ಏಳನೆಯ ವಾರದೊಳಗೆ, ಅಂಗುಳ ಕೂಡುವುದು ಆರರಿಂದ ಒಂಬತ್ತನೆಯ ವಾರದ ಸುಮಾರಿಗೆ. ಬಸಿರು ನಿಂತಿದೆಯೆಂದು ಮನೆಯವರಿಗೆ ಗೊತ್ತಾಗಿ, ಗ್ರಹಣಕ್ಕೆ ಅಂಜಿ ಹುಡುಗಿಯನ್ನು ಕತ್ತಲೆ ಕೋಣೆಯಲ್ಲಿ ಕೂರಿಸುವ ಹೊತ್ತಿಗೆ, ಅದು ಕೂಡುವುದೋ ಬಿಡುವುದೋ ಬಹುತೇಕ ಮುಗಿದುಹೋಗಿರುತ್ತದೆ. ವಂಶವಾಹಿ, ಮೂರ್ಛೆರೋಗದ ಕೆಲವು ಮಾತ್ರೆಗಳು, ಗರ್ಭಕ್ಕೆ ಮೊದಲೇ ಇದ್ದ ಸಕ್ಕರೆ ಕಾಯಿಲೆ, ಧೂಮಪಾನ ಇವು ತಿಳಿದಿರುವ ಕಾರಣಗಳಲ್ಲಿ ಕೆಲವು. ಅನೇಕ ಮಕ್ಕಳಲ್ಲಿ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸುವುದು ಸಾಧ್ಯವಿಲ್ಲ.

ಅಂಗುಳ ಸೀಳಿದ ಮಗು ಮೊಲೆಯನ್ನು ಚೀಪಿ ಹಾಲೆಳೆಯಲಾರದು, ಕುಡಿದ ಹಾಲು ಮೂಗಿನಿಂದ ಹೊರಬರುತ್ತದೆ. ಇಂಥ ಮಗುವನ್ನು ಅರ್ಧ ಕೂರಿಸಿದಂತೆ ಎತ್ತಿಕೊಂಡು ಒಳಲೆಯಲ್ಲೋ ಚಮಚದಲ್ಲೋ ಎದೆಹಾಲನ್ನು ಹಿಂಡಿ ಕುಡಿಸಲು ದಾದಿಯರು ಕಲಿಸುತ್ತಾರೆ. ಶಸ್ತ್ರಕ್ರಿಯೆ ಸುರಕ್ಷಿತವಾಗಬೇಕಾದರೆ ಮಗುವಿನ ತೂಕ ಏರಲೇಬೇಕು. ಸಾಮಾನ್ಯವಾಗಿ ಮೂರರಿಂದ ಆರು ತಿಂಗಳೊಳಗೆ ತುಟಿ, ಒಂಬತ್ತರಿಂದ ಹದಿನೆಂಟು ತಿಂಗಳೊಳಗೆ ಅಂಗುಳ; ಅಲ್ಲಿಗೆ ಕತೆ ಮುಗಿಯಿತೆಂದು ಮನೆಯವರು ತಿಳಿಯುತ್ತಾರೆ, ಮುಗಿದಿರುವುದಿಲ್ಲ. ಒಸಡಿನಲ್ಲಿ ಉಳಿದ ಸೀಳಿಗೆ ಎಂಟು ಹತ್ತು ವರ್ಷದ ಹೊತ್ತಿಗೆ ಸೊಂಟದ ಮೂಳೆಯ ಪುಡಿ ತುಂಬಬೇಕಾಗಬಹುದು, ಹಲ್ಲಿನ ಸಾಲು ಸರಿಪಡಿಸಬೇಕು, ಕಿವಿಯೊಳಗೆ ದ್ರವ ಕಟ್ಟಿಕೊಂಡು ಕೇಳಿಸುವಿಕೆ ಕುಂದಿದೆಯೇ ಎಂದು ಆಗಾಗ ನೋಡಬೇಕು, ಮೇಲ್ದವಡೆ ಹಿಂದುಳಿದಿದ್ದರೆ ಬೆಳವಣಿಗೆ ನಿಂತ ಮೇಲೆ ಅದನ್ನು ಮುಂದೆ ತರಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ಅಲಕ್ಷ್ಯಕ್ಕೆ ಒಳಗಾಗುವುದು ಮಾತು. ಅಂಗುಳದ ಹಿಂಭಾಗ ಮೂಗಿನ ದಾರಿಯನ್ನು ಸರಿಯಾಗಿ ಮುಚ್ಚದಿದ್ದರೆ ಬಾಯೊಳಗೆ ಗಾಳಿಯ ಒತ್ತಡ ನಿಲ್ಲುವುದಿಲ್ಲ. ನಮ್ಮ ವರ್ಣಮಾಲೆಯ ವರ್ಗೀಯ ವ್ಯಂಜನಗಳಲ್ಲಿ ಪ್ರತಿ ಸಾಲಿನ ಕೊನೆಯ ಅನುನಾಸಿಕವೊಂದನ್ನು ಬಿಟ್ಟರೆ ಉಳಿದ ಎಲ್ಲಕ್ಕೂ ಈ ಒತ್ತಡ ಬೇಕು. ಹಾಗಾಗಿ ಇಂಥ ಮಗುವಿನ ‘ಬಾ’ ಕೇಳುವವರಿಗೆ ‘ಮಾ’ ಆಗಿ ಕೇಳಿಸುತ್ತದೆ, ‘ದ’ ಎನ್ನಹೋದರೆ ‘ನ’ ಬರುತ್ತದೆ. ಹೊಲಿಗೆ ಎಷ್ಟೇ ಚೆನ್ನಾಗಿದ್ದರೂ ಮಗು ತನಗೆ ತಾನೇ ರೂಢಿಸಿಕೊಂಡ ತಪ್ಪು ಉಚ್ಚಾರ ತಾನಾಗಿ ಹೋಗುವುದಿಲ್ಲ, ಅದಕ್ಕೆ ವಾಕ್ ಚಿಕಿತ್ಸೆ ಬೇಕು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಪ್ರತ್ಯೇಕ ಘಟಕವಿದೆ. ಸೀಳುತುಟಿಯ ಶಸ್ತ್ರಕ್ರಿಯೆಯನ್ನು ಉಚಿತವಾಗಿ ಮಾಡಿಸುವ ವ್ಯವಸ್ಥೆ ಈಗ ರಾಜ್ಯದಲ್ಲಿ ಸಾಕಷ್ಟಿದೆ. ಧಾರವಾಡದ ಎಸ್‌ಡಿಎಂ ಮತ್ತು ಮಂಗಳೂರಿನ ನಿಟ್ಟೆ ಸಂಸ್ಥೆಯವರು ಮುಖ ಮತ್ತು ತಲೆಬುರುಡೆಯ ದೋಷಗಳಿಗಾಗಿಯೇ ಘಟಕಗಳನ್ನು ನಡೆಸುತ್ತಾರೆ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲೂ ಇದು ಸೇರಿದೆ. ಹೊಲಿಗೆ ಹಾಕಿಸಿದ ಮೇಲೆ ವರ್ಷಾನುಗಟ್ಟಲೆ ಹಳ್ಳಿಯಿಂದ ಮಗುವನ್ನು ಮಾತಿನ ಪಾಠಕ್ಕೆ ಕರೆತರುವ ಬಸ್ ಚಾರ್ಜು ಮತ್ತು ತಪ್ಪಿದ ಕೂಲಿ ಮಾತ್ರ ಯಾವ ಯೋಜನೆಯ ಲೆಕ್ಕದಲ್ಲೂ ಸರಿಯಾಗಿ ಕೂರುವುದಿಲ್ಲ.

ಕೂಡಿಕೊಂಡ ಬೆರಳುಗಳನ್ನು ಬಿಡಿಸುವುದು, ಬೆಳೆಯದ ಕಿವಿಯನ್ನು ಪಕ್ಕೆಲುಬಿನ ಮೃದ್ವಸ್ಥಿಯಿಂದ ಕೆತ್ತಿ ಕೂರಿಸುವುದು ಇವೂ ಈ ವಿಭಾಗದವೇ. ಎಳೆಗೂಸಿನ ಮೈಮೇಲೆ ಸ್ಟ್ರಾಬೆರಿಯಂತೆ ಕೆಂಪಗೆ ಉಬ್ಬುವ ರಕ್ತನಾಳದ ಗಂಟುಗಳಿಗೆ ಮಾತ್ರ ಈಗ ಕತ್ತಿ ಅಪರೂಪ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರಾನೊಲಾಲ್ ಔಷಧದಿಂದ ಅವು ಕರಗುತ್ತವೆಂದು ಫ್ರಾನ್ಸಿನ ವೈದ್ಯರು 2008ರಲ್ಲಿ ಆಕಸ್ಮಿಕವಾಗಿ ಕಂಡುಕೊಂಡರು.

ಇನ್ನು ನನ್ನನ್ನು ಆ ಬೆಂಚಿಗೆ ತಂದ ಪ್ರಸಂಗ. ಹಾವೇರಿ ಕಡೆಯ ನಮ್ಮ ಭಾವನವರ ಬಲಗೈ ಮೆಕ್ಕೆಜೋಳದ ಒಕ್ಕಣೆ ಯಂತ್ರಕ್ಕೆ ಸಿಕ್ಕಿತು. ಎರಡು ಬೆರಳು ತುಂಡಾಗಿದ್ದವು, ಮುಂಗೈಯ ಮೇಲಿನ ಚರ್ಮ ಹರಿದು ಸ್ನಾಯುರಜ್ಜುಗಳು ಬಯಲಾಗಿದ್ದವು. ಹೊಲದಲ್ಲಿದ್ದ ಹುಡುಗನೊಬ್ಬ ಬುದ್ಧಿವಂತಿಕೆಯಿಂದ ಬೆರಳುಗಳನ್ನು ಹುಡುಕಿ, ಅಂಗಡಿಯಿಂದ ಐಸ್ ತಂದು ಡಬ್ಬಿಯಲ್ಲಿ ನೇರವಾಗಿ ಅದರೊಳಗೆ ಹೂತಿಟ್ಟು ತಂದಿದ್ದ. ವೈದ್ಯರು ಡಬ್ಬಿಯನ್ನು ತೆರೆದು ನೋಡಿ, “ತಂದದ್ದು ಒಳ್ಳೆಯದೇ ಮಾಡಿದಿರಿ, ಆದರೆ ಹೆಪ್ಪುಗಟ್ಟಿ ಹೋಗಿದೆಯಲ್ಲಪ್ಪ” ಎಂದರು. ತುಂಡಾದ ಬೆರಳನ್ನು ಶುದ್ಧವಾದ ಒದ್ದೆ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿ ಇಡಬೇಕು. ಐಸ್ ನೇರವಾಗಿ ತಾಗಿದರೆ ಜೀವಕೋಶಗಳು ಒಡೆದುಹೋಗುತ್ತವೆ. ಸ್ನಾಯು ಇಲ್ಲದ ಕಾರಣ ಬೆರಳನ್ನು ಹೀಗೆ ತಂಪಾಗಿಟ್ಟರೆ ಹಲವು ಗಂಟೆ ಕಾಯಬಲ್ಲದು. ಮೊಣಕೈಯಿಂದಲೋ ತೋಳಿನಿಂದಲೋ ತುಂಡಾದ ಕೈಗೆ ಮಾತ್ರ ಸುಮಾರು ಆರು ಗಂಟೆಯ ಗಡುವು. ಒಂದು ಮಿಲಿಮೀಟರ್ ದಪ್ಪದ ರಕ್ತನಾಳವನ್ನು ಸೂಕ್ಷ್ಮದರ್ಶಕದ ಕೆಳಗೆ ಕೂದಲಿಗಿಂತ ತೆಳುವಾದ ದಾರದಿಂದ ಹೊಲಿಯುವ ಈ ವಿದ್ಯೆಗೆ ತುಂಬ ವಯಸ್ಸಾಗಿಲ್ಲ. ತುಂಡಾದ ಹೆಬ್ಬೆರಳನ್ನು ಹೀಗೆ ಮರುಜೋಡಿಸಿದ ಮೊದಲ ಯಶಸ್ಸು ಜಪಾನಿನಲ್ಲಿ, 1965ರಲ್ಲಿ. ಜೋಡಿಸಿದ ಬೆರಳಿಗೆ ರಕ್ತ ಒಳಗೆ ಹೋಗಿ ಹೊರಗೆ ಬರಲಾರದೆ ನೀಲಿಗಟ್ಟಿದಾಗ ಈಗಲೂ ಜಿಗಣೆ ಹಚ್ಚುವುದುಂಟು.

ಭಾವನವರ ಬೆರಳುಗಳು ಮರಳಲಿಲ್ಲ. ಮುಂಗೈಯನ್ನು ಮುಚ್ಚಲು ತೊಡೆಸಂದಿಯ ಮೇಲಿನ, ಕಿಬ್ಬೊಟ್ಟೆಯ ಪಕ್ಕದ ಚರ್ಮವನ್ನು ಬಿಡಿಸಿ, ಅದರ ಒಂದು ತುದಿ ಅಲ್ಲಿಯೇ ಉಳಿದಿರುವಂತೆ ಕೈಯನ್ನೇ ಅಲ್ಲಿಗೆ ಹೊಲಿದರು. ಮೂರು ವಾರ ಅವರ ಕೈ ಸೊಂಟಕ್ಕೆ ಕಟ್ಟಿದ ಹಾಗೆ ಇತ್ತು. ಕಾವಸಜಿಯ ಹಣೆಯ ಪಟ್ಟಿಗೂ ಇದಕ್ಕೂ ತತ್ತ್ವದಲ್ಲಿ ಏನೂ ಭೇದವಿಲ್ಲ ಎಂಬುದು ನನಗೆ ಹೊಳೆದದ್ದು ಆಗ.

ಅದೇ ವಾರ್ಡಿನಲ್ಲಿ ಬೈಕ್ ಅಪಘಾತದ ಹುಡುಗರು ನಾಲ್ಕೈದು ಮಂದಿ ಇದ್ದರು. ಭುಜ ಮತ್ತು ಕತ್ತು ಎರಡು ದಿಕ್ಕಿಗೆ ಜಗ್ಗಿದಾಗ ಕತ್ತಿನಿಂದ ತೋಳಿಗೆ ಇಳಿಯುವ ಐದು ನರಬೇರುಗಳು ಹರಿಯುತ್ತವೆ, ಕೆಲವೊಮ್ಮೆ ಬೆನ್ನುಹುರಿಯಿಂದಲೇ ಕಿತ್ತು ಬರುತ್ತವೆ. ಮೂಳೆ ಮುರಿದಿಲ್ಲವಾದ್ದರಿಂದ ‘ನರ ತಾನಾಗಿ ಸರಿಹೋಗುತ್ತದೆ’ ಎಂದು ಎಣ್ಣೆ ತಿಕ್ಕಿಸುತ್ತಾ ವರ್ಷ ಕಳೆಯುವವರೇ ಹೆಚ್ಚು. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರ್; ನರವಿಲ್ಲದ ಸ್ನಾಯು ಒಂದು ಒಂದೂವರೆ ವರ್ಷದಲ್ಲಿ ಮರಳಿ ಬಾರದಂತೆ ಸೊರಗುತ್ತದೆ. ಈ ಎರಡು ಲೆಕ್ಕಗಳನ್ನು ಕೂಡಿಸಿದರೆ ಮೂರರಿಂದ ಆರು ತಿಂಗಳೊಳಗೆ ಶಸ್ತ್ರಕ್ರಿಯೆ ಏಕೆ ಆಗಬೇಕೆಂಬುದು ತಾನಾಗಿ ತಿಳಿಯುತ್ತದೆ. ಪಕ್ಕೆಲುಬುಗಳ ನಡುವಿನ ಉಸಿರಾಟದ ನರವನ್ನು ತಂದು ತೋಳಿನ ಸ್ನಾಯುವಿಗೆ ಜೋಡಿಸಿದ ಹುಡುಗನೊಬ್ಬ, ಮೊಣಕೈ ಮಡಚಬೇಕಾದಾಗಲೆಲ್ಲ ಜೋರಾಗಿ ಉಸಿರೆಳೆದುಕೊಳ್ಳುತ್ತಿದ್ದ. ಅಭ್ಯಾಸ ಮಾಡುತ್ತಾ ಹೋದರೆ ಮೆದುಳು ಹೊಸ ದಾರಿಯನ್ನು ಕಲಿತುಕೊಳ್ಳುತ್ತದೆ, ಆಮೇಲೆ ಉಸಿರಿನ ಹಂಗಿಲ್ಲದೆ ಕೈ ಮಡಚುತ್ತದೆ.

ಸುಟ್ಟಗಾಯಗಳ ವಾರ್ಡನ್ನು ಕುರಿತು ಬರೆಯುವುದು ಕಷ್ಟ. ಅಲ್ಲಿ ಹೆಂಗಸರು ಹೆಚ್ಚು. ‘ಸ್ಟೌ ಸಿಡಿಯಿತು’ ಎಂಬ ಹೇಳಿಕೆಯ ಹಿಂದೆ ಏನಿರಬಹುದೆಂದು ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಜೀವ ಉಳಿಯಿತೆಂದು ಮನೆಗೆ ಹೋದವರು ಆರೇಳು ತಿಂಗಳ ನಂತರ ಬೇರೆಯೇ ತೊಂದರೆಯೊಂದಿಗೆ ಮರಳುತ್ತಾರೆ. ಆಳವಾಗಿ ಸುಟ್ಟ ಗಾಯ ಗ್ರಾಫ್ಟ್ ಇಲ್ಲದೆ ತಾನೇ ಮಾಗಿದಾಗ ಕಲೆ ಕುಗ್ಗುತ್ತಾ ಹೋಗಿ ಗದ್ದವನ್ನು ಎದೆಗೆ, ತೋಳನ್ನು ಪಕ್ಕೆಗೆ, ಬೆರಳನ್ನು ಅಂಗೈಗೆ ಎಳೆದುಕೊಳ್ಳುತ್ತದೆ. ನಾನು ಆರಂಭದಲ್ಲಿ ಹೇಳಿದ ಹುಡುಗಿಗೆ ಆಗಿದ್ದದ್ದು ಇದೇ. ತಲೆ ಎತ್ತಿ ಕಪ್ಪುಹಲಗೆ ನೋಡಲಾಗದೆ ಶಾಲೆ ಬಿಟ್ಟಿದ್ದಳು. ಕೆಳದುಟಿ ಜಗ್ಗಿ ಸದಾ ಜೊಲ್ಲು ಸುರಿಯುತ್ತಿತ್ತು. ಕತ್ತು ಹಿಂದಕ್ಕೆ ಬಾಗದ್ದರಿಂದ ಅರಿವಳಿಕೆ ಕೊಡಲು ಕೊಳವೆ ಇಳಿಸುವುದೇ ಅಪಾಯದ ಕೆಲಸವಾಗಿತ್ತು. ಇದು ರೂಪದ ಚಿಕಿತ್ಸೆಯೋ ಕ್ರಿಯೆಯ ಚಿಕಿತ್ಸೆಯೋ ಎಂದು ಕೇಳುವವರು ಅವಳನ್ನು ಒಮ್ಮೆ ನೋಡಬೇಕಿತ್ತು. ಸರಿಯಾದ ಕಾಲಕ್ಕೆ ಗ್ರಾಫ್ಟ್ ಹಾಕಿ, ಕತ್ತಿಗೆ ಪಟ್ಟಿ ಕಟ್ಟಿ, ದಿನವೂ ವ್ಯಾಯಾಮ ಮಾಡಿಸಿ, ವರ್ಷದ ತನಕ ಬಿಗಿ ಉಡುಪು ತೊಡಿಸಿದ್ದರೆ ಈ ಸೆಳೆತದ ಬಹುಭಾಗವನ್ನು ತಡೆಯಬಹುದಿತ್ತು.

ಮೈಯ ಅರ್ಧದಷ್ಟು ಸುಟ್ಟವರಿಗೆ ಹೆರೆದು ಹಾಕಲು ಅವರದೇ ಚರ್ಮ ಸಾಲುವುದಿಲ್ಲ. ಆಗ ತಾತ್ಕಾಲಿಕ ಹೊದಿಕೆಯಾಗಿ ನೆರವಾಗುವುದು ದಾನವಾಗಿ ಬಂದ ಚರ್ಮ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ 2016ರಲ್ಲಿ ಚರ್ಮ ನಿಧಿ ಶುರುವಾಯಿತು. ಸಾವಿನ ನಂತರ ಆರು ಗಂಟೆಯೊಳಗೆ ತೊಡೆ, ಕಾಲು, ಬೆನ್ನಿನಿಂದ ಮೇಲಿನ ತೆಳುಪದರವನ್ನಷ್ಟೇ ತೆಗೆಯುತ್ತಾರೆ. ರಕ್ತದ ಗುಂಪು ಹೊಂದಬೇಕಾಗಿಲ್ಲ, ದೇಹ ವಿಕಾರವಾಗುವುದಿಲ್ಲ, ರಕ್ತ ಸುರಿಯುವುದಿಲ್ಲ. ಗ್ಲಿಸರಾಲಿನಲ್ಲಿ ಕಾಪಿಟ್ಟ ಆ ಚರ್ಮವನ್ನು ರೋಗಿಯ ದೇಹ ಎರಡು ಮೂರು ವಾರಗಳಲ್ಲಿ ತಿರಸ್ಕರಿಸುತ್ತದೆ. ಆದರೆ ಸೋಂಕು ಮತ್ತು ನೀರಿನ ನಷ್ಟ ಕೊಲ್ಲುವುದು ಆ ವಾರಗಳಲ್ಲಿಯೇ ಆದ್ದರಿಂದ, ಆ ಬಿಡುವೇ ದೊಡ್ಡದು. ಕಣ್ಣಿನ ದಾನಕ್ಕೆ ಡಾ. ರಾಜ್‌ಕುಮಾರ್ ಅವರ ಕುಟುಂಬ ನಾಡಿನ ಮನಸ್ಸನ್ನು ಒಲಿಸಿದಂತೆ ಚರ್ಮದಾನಕ್ಕೆ ಇನ್ನೂ ಯಾರೂ ಸಿಕ್ಕಿಲ್ಲವೆನ್ನಬೇಕು.

ಆಸಿಡ್ ದಾಳಿಗೆ ಒಳಗಾದವರ ಚಿಕಿತ್ಸೆ ಇದೇ ವಾರ್ಡಿನಲ್ಲಿ ಆರಂಭವಾಗಿ ಹತ್ತಾರು ಶಸ್ತ್ರಕ್ರಿಯೆಗಳವರೆಗೆ ಬೆಳೆಯುತ್ತದೆ. ಮೊದಲು ನೋಡಬೇಕಾದದ್ದು ಕಣ್ಣಿನ ರೆಪ್ಪೆ. ಅದು ಮುಚ್ಚದಿದ್ದರೆ ಉಳಿದ ದೃಷ್ಟಿಯೂ ಹೋಗುತ್ತದೆ. 2013ರ ಕಾನೂನು ತಿದ್ದುಪಡಿಯಲ್ಲಿ ಈ ಅಪರಾಧಕ್ಕೆ ಪ್ರತ್ಯೇಕ ಕಲಮು ಬಂತು, ಕನಿಷ್ಠ ಹತ್ತು ವರ್ಷದ ಶಿಕ್ಷೆ ನಿಗದಿಯಾಯಿತು. ಜೊತೆಗೆ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಎಲ್ಲ ಆಸ್ಪತ್ರೆಗಳೂ ಇಂಥವರಿಗೆ ಹಣ ಕೇಳದೆ ಚಿಕಿತ್ಸೆ ಕೊಡಲೇಬೇಕೆಂಬ ವಿಧಿಯೂ ಬಂತು. ಮೊದಲ ಗಂಟೆಯಲ್ಲಿ ಧಾರಾಳವಾಗಿ ನೀರು ಸುರಿಯಬೇಕು ಎನ್ನುವುದರ ಜೊತೆಗೆ ಈ ವಿಧಿಯನ್ನೂ ಜನ ತಿಳಿದಿರಬೇಕು.

ಬಾಯಿ ಕ್ಯಾನ್ಸರಿನ ಮಾತೆತ್ತುವಾಗ ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ನಾಡಿನವರಾದ ನಮಗೆ ತುಸು ಮುಜುಗರವಾಗುತ್ತದೆ. ತಂಬಾಕು ಬೆರೆಸದಿದ್ದರೂ ಅಡಿಕೆಯೇ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ವರ್ಗೀಕರಿಸಿದೆ. ಮಲೆನಾಡಿನ ಸಭೆಗಳಲ್ಲಿ ಈ ವಾಕ್ಯವನ್ನು ಆಡಿ ಸುಲಭವಾಗಿ ಮನೆಗೆ ಮರಳುವಂತಿಲ್ಲ, ಅದು ಬೇರೆ ಮಾತು. ಕೆಳದವಡೆಯ ಒಂದು ಭಾಗವನ್ನು ತೆಗೆದಾಗ ಮುಖ ಒಂದು ಬದಿಗೆ ಕುಸಿಯುತ್ತದೆ, ಅಗಿಯಲು, ನುಂಗಲು, ಉಗುಳನ್ನು ತಡೆದುಕೊಳ್ಳಲು ಆಗುವುದಿಲ್ಲ. ಇಲ್ಲಿಗೆ ಮೊಣಕಾಲ ಕೆಳಗಿನ ಎರಡು ಎಲುಬುಗಳಲ್ಲಿ ತೆಳ್ಳಗಿನದಾದ ಫಿಬುಲಾವನ್ನು ಅದರ ರಕ್ತನಾಳ ಮತ್ತು ಮೇಲಿನ ಚರ್ಮದ ಸಮೇತ ತೆಗೆದು, ದವಡೆಯ ತಿರುವಿಗೆ ತಕ್ಕಂತೆ ಅಲ್ಲಲ್ಲಿ ಕೊಯ್ದು ಬಗ್ಗಿಸಿ, ಕತ್ತಿನ ರಕ್ತನಾಳಕ್ಕೆ ಹೊಲಿಯುತ್ತಾರೆ. ದೇಹದ ಭಾರವನ್ನು ಹೊರುವುದು ದಪ್ಪನೆಯ ಇನ್ನೊಂದು ಎಲುಬು, ಆದ್ದರಿಂದ ಗಾಯ ಮಾಗಿದ ಮೇಲೆ ನಡೆಯಲು ತೊಂದರೆಯಾಗದು. ಆಮೇಲೆ ಆ ಕಾಲಿನ ಎಲುಬಿನಲ್ಲಿ ಹಲ್ಲನ್ನೂ ಕೂರಿಸಬಹುದು. ಒಂದೇ ದಿನ ಎರಡು ತಂಡಗಳು ಎಂಟು ಹತ್ತು ಗಂಟೆ ನಿಂತು ಮಾಡುವ ಇಂಥ ಕೆಲಸಕ್ಕೆ ಸಿನಿಮಾ ನಟಿಯ ಮೂಗಿನ ಹೆಸರೇ ಅಂಟಿಕೊಂಡಿರುವುದು ವಿಚಿತ್ರವೇ ಸರಿ.

ಭಾರತದಲ್ಲಿ ಈ ಶಾಖೆ ಬೆಳೆದ ಬಗೆಯಲ್ಲಿ ಕುಷ್ಠರೋಗದ ಪಾಲು ದೊಡ್ಡದು. ವೆಲ್ಲೂರಿನಲ್ಲಿ ಪಾಲ್ ಬ್ರ್ಯಾಂಡ್ 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ಮುದುಡಿದ ಕೈಗಳಿಗೆ ಚೆನ್ನಾಗಿರುವ ಸ್ನಾಯುರಜ್ಜುಗಳನ್ನು ತಿರುಗಿಸಿ ಜೋಡಿಸಿದರು. ಬೆರಳುಗಳನ್ನು ರೋಗವೇ ತಿನ್ನುವುದಿಲ್ಲ, ನೋವು ತಿಳಿಯದ ಕಾರಣ ಬಿಸಿ ಪಾತ್ರೆ, ಮೊಳೆ, ರಾತ್ರಿ ಕಚ್ಚುವ ಇಲಿಗಳು ಬೆರಳನ್ನು ಹಾಳುಮಾಡುತ್ತವೆ ಎಂದು ತೋರಿಸಿಕೊಟ್ಟವರು ಅವರು. ಮುಂಬಯಿಯಲ್ಲಿ ಎನ್. ಎಚ್. ಆಂಟಿಯಾ ಕುಸಿದ ಮೂಗು, ಉದುರಿದ ಹುಬ್ಬು, ಮುಚ್ಚದ ಕಣ್ಣುಗಳ ಮೇಲೆ ಕೆಲಸ ಮಾಡಿದರು. ಆಂಟಿಯಾ ಅವರ ಗುರು ಹೆರಾಲ್ಡ್ ಗಿಲ್ಲೀಸ್, ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸಾವಿರಾರು ಸೈನಿಕರಿಗೆ ಇಂಗ್ಲೆಂಡಿನ ಸಿಡ್‌ಕಪ್ಪಿನಲ್ಲಿ ಚಿಕಿತ್ಸೆ ನೀಡಿದವರು. ಕುಷ್ಠದಿಂದ ಮುಚ್ಚದಾದ ಕಣ್ಣಿಗೆ ಕಪಾಲದ ಜಗಿಯುವ ಸ್ನಾಯುವಿನ ಪಟ್ಟಿಯೊಂದನ್ನು ರೆಪ್ಪೆಯೊಳಗೆ ಹಾಯಿಸುವ ಶಸ್ತ್ರಕ್ರಿಯೆಯಿದೆ; ಹಲ್ಲು ಕಚ್ಚಿದಾಗ ಆ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಕಣ್ಣನ್ನು ಕಾಯುವ ಈ ಉಪಾಯ, ಹುಬ್ಬಿನ ಜಾಗಕ್ಕೆ ನೆತ್ತಿಯ ಕೂದಲಿನ ಚರ್ಮ ತರುವ ಉಪಾಯ, ಇವೆರಡರಲ್ಲಿ ಎರಡನೆಯದನ್ನು ಬರಿಯ ಅಲಂಕಾರವೆನ್ನಲು ಯಾರಾದರೂ ಹೊರಟಾರು. ಹುಬ್ಬಿಲ್ಲದ ಮುಖ ಕಂಡೊಡನೆ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಾಗುತ್ತಿದ್ದ ಕಾಲದಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳುವುದನ್ನೋ ಬಿಡುವುದನ್ನೋ ನಿರ್ಧರಿಸುತ್ತಿದ್ದುದು ಆ ಹುಬ್ಬೇ.

ಸೌಂದರ್ಯ ಚಿಕಿತ್ಸೆಗಳ ಬಗ್ಗೆ ನನಗೆ ಹೇಳಲು ಹೆಚ್ಚಿಲ್ಲ. ಕೊಬ್ಬು ತೆಗೆಸುವುದು, ಕೂದಲು ನಾಟಿ, ಮೂಗು ತಿದ್ದಿಸುವುದು ಇವು ತಪ್ಪೆಂದು ನಾನು ತಿಳಿದಿಲ್ಲ. ಆದರೆ ಅವೂ ಅರಿವಳಿಕೆ, ರಕ್ತಸ್ರಾವ, ಸೋಂಕುಗಳಿರುವ ಶಸ್ತ್ರಕ್ರಿಯೆಗಳೇ ಎಂಬುದನ್ನು ಜಾಹೀರಾತುಗಳು ಮರೆಸುತ್ತವೆ. ಬೆಂಗಳೂರಿನಲ್ಲಿ 2022ರಲ್ಲಿ ಕೊಬ್ಬು ತೆಗೆಯುವ ಚಿಕಿತ್ಸೆಯ ನಂತರ ಕಿರುತೆರೆಯ ಎಳೆಯ ನಟಿಯೊಬ್ಬರು ತೀರಿಕೊಂಡದ್ದು ಅನೇಕರಿಗೆ ನೆನಪಿರಬಹುದು. ಎಂಬಿಬಿಎಸ್ ಮತ್ತು ಎಂಎಸ್ ಮುಗಿಸಿ, ಮತ್ತೆ ಮೂರು ವರ್ಷ ಓದಿ ಎಂಸಿಎಚ್ ಅಥವಾ ಡಿಆರ್‌ಎನ್‌ಬಿ ಪದವಿ ಪಡೆದವರು ಪ್ಲಾಸ್ಟಿಕ್ ಸರ್ಜನ್ನರು. ಫಲಕದ ಮೇಲೆ ಆ ಅಕ್ಷರಗಳಿವೆಯೇ ಎಂದು ನೋಡುವುದಕ್ಕೆ ಸಂಕೋಚಪಡಬೇಕಾಗಿಲ್ಲ.

ಆದರೆ ಎಲ್ಲಿ ಅಗತ್ಯ ಮುಗಿದು ಅಲಂಕಾರ ಶುರುವಾಗುತ್ತದೆ ಎಂಬ ಗೆರೆಯನ್ನು ನಮ್ಮ ಬದಲು ಎಳೆಯುವವರು ವಿಮಾ ಕಂಪನಿಯವರು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಏಕರೂಪಗೊಳಿಸಿದ ಷರತ್ತುಗಳಲ್ಲಿ ಎಂಟನೆಯದು, ರೂಪ ಬದಲಿಸುವ ಅಥವಾ ಪ್ಲಾಸ್ಟಿಕ್ ಸರ್ಜರಿಯ ಖರ್ಚನ್ನು ಕೊಡುವುದಿಲ್ಲ ಎನ್ನುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರಿನ ನಂತರದ ಪುನರ್ರಚನೆಗೆ ಹಾಗೂ ಆರೋಗ್ಯಕ್ಕೆ ನೇರವಾದ, ತತ್‌ಕ್ಷಣದ ಅಪಾಯವಿದ್ದಾಗ ಮಾತ್ರ ವಿನಾಯಿತಿ. ಓದಲು ನ್ಯಾಯವಾಗಿಯೇ ಇದೆ. ಆದರೆ ಸ್ತನಗಳ ವಿಪರೀತ ಭಾರಕ್ಕೆ ಭುಜದಲ್ಲಿ ಒಳಉಡುಪಿನ ಪಟ್ಟಿ ಕುಳಿಬೀಳಿಸಿ ಬೆನ್ನುನೋವಿನಿಂದ ಬಾಗಿದ ಹೆಂಗಸಿಗೆ, ಎದೆ ಬೆಳೆದಿದೆಯೆಂಬ ನಾಚಿಕೆಗೆ ಕೆರೆಗೆ ಈಜಲು ಹೋಗುವುದನ್ನೇ ಬಿಟ್ಟ ಹದಿಹರೆಯದ ಹುಡುಗನಿಗೆ, ಈ ವಾಕ್ಯದಲ್ಲಿ ಜಾಗ ಸುಲಭವಾಗಿ ಸಿಗುವುದಿಲ್ಲ. ಅವರ ತೊಂದರೆ ನಿಜ, ಆದರೆ ‘ತತ್‌ಕ್ಷಣದ’ ಎಂಬ ಶಬ್ದಕ್ಕೆ ಅದು ಹೊಂದುವುದಿಲ್ಲ.

ನಮ್ಮ ಭಾವನವರಿಗೂ ಈ ಗೆರೆ ಎದುರಾಯಿತು. ಕಿಬ್ಬೊಟ್ಟೆಯಿಂದ ಬಂದ ಚರ್ಮ ತನ್ನ ಕೊಬ್ಬಿನ ಗುಣವನ್ನು ಬಿಡುವುದಿಲ್ಲ. ಅವರು ಮೈತುಂಬಿಕೊಂಡಂತೆ ಮುಂಗೈಯ ಮೇಲಿನ ಆ ತೇಪೆಯೂ ದಪ್ಪವಾಗಿ, ಉಳಿದ ಬೆರಳುಗಳನ್ನು ಮಡಚಲು ಅಡ್ಡಿಯಾಯಿತು. ಅದನ್ನು ತೆಳುವಾಗಿಸುವ ಎರಡನೆಯ ಶಸ್ತ್ರಕ್ರಿಯೆಗೆ ಹಣ ಕೇಳಿದಾಗ ವಿಮೆಯವರಿಂದ ಬಂದ ಮೊದಲ ಉತ್ತರ, ಇದು ಸೌಂದರ್ಯವರ್ಧನೆಗೆ ಸಂಬಂಧಿಸಿದ್ದು ಎಂದು. ವೈದ್ಯರು ಸಿಟ್ಟಾಗದೆ ಒಂದು ಪತ್ರ ಬರೆದುಕೊಟ್ಟರು. ಮುಷ್ಟಿ ಕಟ್ಟಿದಾಗ ಪ್ರತಿ ಬೆರಳಿನ ತುದಿಗೂ ಅಂಗೈಗೂ ನಡುವೆ ಎಷ್ಟು ಸೆಂಟಿಮೀಟರ್ ಉಳಿಯುತ್ತದೆ, ಹಿಡಿತದ ಬಲ ಎಡಗೈಗೆ ಹೋಲಿಸಿದರೆ ಎಷ್ಟಿದೆ ಎಂಬ ಅಳತೆಗಳಷ್ಟೇ ಅದರಲ್ಲಿದ್ದವು; ಕುಡುಗೋಲಿನ ಹಿಡಿಕೆಯನ್ನು ಹಿಡಿಯಲಾಗುತ್ತಿಲ್ಲ ಎಂಬ ಒಂದು ವಾಕ್ಯ ಕೊನೆಗೆ. ಎರಡನೆಯ ಸುತ್ತಿನಲ್ಲಿ ಹಣ ಮಂಜೂರಾಯಿತು.

ಅದೇ ಚರ್ಮದ ಮೇಲೆ ಹೊಟ್ಟೆಯ ರೋಮವೂ ಬೆಳೆಯುತ್ತಿತ್ತು. ಮದುವೆ ಮನೆಗಳಲ್ಲಿ ಪಂಕ್ತಿಗೆ ಬಡಿಸಲು ಮುಂದಾಗುತ್ತಿದ್ದ ಮನುಷ್ಯ ಅಪಘಾತದ ನಂತರ ಸೌಟು ಹಿಡಿದಿರಲಿಲ್ಲ; ಬೆರಳಿಲ್ಲದ್ದಕ್ಕಲ್ಲ, ಅನ್ನದ ಮೇಲೆ ಬರುವ ಆ ಕೈಯನ್ನು ಜನ ನೋಡುತ್ತಾರೆಂಬುದಕ್ಕೆ. ಲೇಸರಿನಿಂದ ಅದನ್ನು ತೆಗೆಯಬಹುದೇ ಎಂದು ಅವರು ವೈದ್ಯರನ್ನು ಕೇಳಿದ್ದು ಅಕ್ಕ ಔಷಧಿ ತರಲು ಹೊರಗೆ ಹೋಗಿದ್ದಾಗ. ತೆಗೆಯಬಹುದು, ಆದರೆ ಅದಕ್ಕೆ ಯಾವ ಪತ್ರ ಬರೆದರೂ ವಿಮೆ ಬರುವುದಿಲ್ಲ ಎಂದು ವೈದ್ಯರು ನೇರವಾಗಿ ಹೇಳಿದರು. ಮೆಕ್ಕೆಜೋಳ ಮಾರಿದ ಹಣದಲ್ಲಿ ಭಾವ ಅದನ್ನೂ ಮಾಡಿಸಿಕೊಂಡರು. ಎರಡರಲ್ಲಿ ಯಾವುದು ಅವರಿಗೆ ಹೆಚ್ಚು ಬೇಕಾಗಿತ್ತೆಂದು ಕೇಳಿದರೆ ನನ್ನ ಮತ ಎರಡನೆಯದಕ್ಕೆ; ಕುಡುಗೋಲನ್ನು ಅವರು ಅಷ್ಟು ಹೊತ್ತಿಗಾಗಲೇ ಎಡಗೈಗೆ ರೂಢಿಸಿಕೊಂಡಿದ್ದರು.